ಬಿಚ್ಚಿದ ಸೈಲೆನ್ಸರ್ ಎಲ್ಲಿ?

ನಲವತ್ತೈದು ದಾಟಿದ ಗಂಡಸಿಗೆ ಒಂದೋ ಮಂಡಿನೋವು ಶುರುವಾಗುತ್ತದೆ, ಇಲ್ಲವೇ ಕಾರಿನ ಹುಚ್ಚು. ನನಗೆ ಎರಡೂ ಒಟ್ಟಿಗೇ ಬಂದವು. 2024ರ ಜನವರಿಯಲ್ಲಿ ಆರು ಲಕ್ಷದ ಒಂದು ಎಫ್‌ಡಿ ಅವಧಿ ಮುಗಿದು ಖಾತೆಗೆ ಬಂದು ಕೂತಿತ್ತು. ಅದೇ ವಾರ, ಬನಶಂಕರಿಯ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿನಲ್ಲಿ ಕೆಂಪು ಬಣ್ಣದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮಾರಾಟಕ್ಕಿದೆ ಎಂದು ಸ್ನೇಹಿತನೊಬ್ಬ ಫೋಟೊ ಕಳಿಸಿದ. ತಿಂಗಳಿಗೊಮ್ಮೆ ಈ ಅಂಕಣದಲ್ಲಿ ನಿಮಗೆಲ್ಲ ಉಳಿತಾಯದ ಉಪದೇಶ ಮಾಡುವ ನಾನು, ಆ ರಾತ್ರಿ ಫೋಟೊ ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಕೂತಿದ್ದೆ.

ನೋಡಲು ಇದು ಸಂಸಾರಸ್ಥರ ಕಾರೇ. ನಾಲ್ಕು ಬಾಗಿಲು, ಮದುವೆ ಮನೆಯ ಸಾಮಾನೆಲ್ಲ ಹಿಡಿಯುವಷ್ಟು ದೊಡ್ಡ ಡಿಕ್ಕಿ. ಬಾನೆಟ್ ಎತ್ತಿದರೆ ಮಾತ್ರ ಬೇರೆ ಕಥೆ: 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಸಿಲಿಂಡರಿಗೆ ಐದರಂತೆ ಇಪ್ಪತ್ತು ವಾಲ್ವ್, 150 ಅಶ್ವಶಕ್ತಿ, ಕೈಯಲ್ಲೇ ಹಾಕುವ ಗೇರು. ನಾನು ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗುತ್ತಿದ್ದ ಕಾಲದಲ್ಲಿ ಈ ಕಾರು ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತರೆ, ಹಸಿರು ದೀಪ ಬರುವುದನ್ನು ಅದು ಹೊರಡುವ ಸದ್ದಿಗಾಗಿಯೇ ಕಾಯುತ್ತಿದ್ದೆ.

ಮಾರುತ್ತಿದ್ದವನು ಮೂವತ್ತರ ಆಸುಪಾಸಿನ ಸಾಫ್ಟ್‌ವೇರ್ ಹುಡುಗ. ಕಾರು 2009ರ ಜೂನ್‌ನಲ್ಲಿ ನೋಂದಣಿಯಾದದ್ದು, ಇವನು ಮೂರನೇ ಮಾಲೀಕ. ಓಡಿದ್ದು 1,48,000 ಕಿ.ಮೀ. ಕೇಳಿದ ಬೆಲೆ 4.75 ಲಕ್ಷ. ಅವನು ಮಾಡಿಸಿದ್ದ ಮಾರ್ಪಾಡುಗಳು ಇವು: ಇಸಿಯು ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕಾಚಾರವನ್ನೇ ತಿದ್ದಿ ಟರ್ಬೊ ಒತ್ತಡ ಏರಿಸಿದ್ದು, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಹಾಕಿದ ನೇರ ಪೈಪು, ಅಬ್ಬರಿಸುವ ಸೈಲೆನ್ಸರ್, ಕಾರನ್ನು ನೆಲಕ್ಕಿಳಿಸುವ ಕಾಯಿಲೋವರ್ ಸಸ್ಪೆನ್ಷನ್, 17 ಇಂಚಿನ ಚಕ್ರ.

"ಸರ್, ಬರೀ ಮಾಡಿಫಿಕೇಶನ್‌ಗೇ ಎರಡೂ ಮುಕ್ಕಾಲು ಲಕ್ಷ ಹಾಕಿದೀನಿ. ಈ ರೇಟಿಗೆ ಕೊಡ್ತಿರೋದು ಲಾಸಲ್ಲೇ" ಅಂದ.

ಇದನ್ನು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೀನ್ಸ್ ನಾರು ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ. "ಹೋದ ವರ್ಷ ಬಳೆ ಮಾರೋಕೆ ಹೋದಾಗ ಮಜೂರಿ ವಾಪಸ್ ಕೊಟ್ರೇನ್ರೀ?" ಎಂದು ಕೇಳಿದಳು.

ಮಾಡಿಫೈ ಮಾಡಿದ ಕಾರಿನ ಅರ್ಥಶಾಸ್ತ್ರ ಅಷ್ಟೇ. ಚಿನ್ನದಂಗಡಿಯಲ್ಲಿ ಕೊಳ್ಳುವಾಗ ಮಜೂರಿ, ವೇಸ್ಟೇಜ್ ಎಲ್ಲ ಸೇರಿಸಿ ಕೊಟ್ಟಿರುತ್ತೇವೆ. ಮಾರುವಾಗ ತೂಕಕ್ಕೆ ಮಾತ್ರ ಬೆಲೆ. ಕಾರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಒಬ್ಬನ ರುಚಿಗೆ ಮಾಡಿಸಿದ ಕೆಲಸ ಮುಂದಿನವನಿಗೆ ಬೇಡವಾದರೆ ಅದನ್ನು ಕಳಚಲೂ ಕೂಲಿ ಕೊಡಬೇಕು. ಹುಡುಗ ಹಾಕಿದ ಎರಡೂ ಮುಕ್ಕಾಲು ಲಕ್ಷ ಕಾರಿನ ಬೆಲೆಗೆ ಸೇರುವ ಹಣವಲ್ಲ. ಅವನು ಆಗಲೇ ಅನುಭವಿಸಿ ಮುಗಿಸಿದ ಖುಷಿಯ ಖರ್ಚು.

ಈ ಪಾಠ ನನಗೆ ಹೊಸದೇನಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, 1999ರಲ್ಲಿ, ಶಿವಮೊಗ್ಗದಲ್ಲಿ 18 ಸಾವಿರ ಕೊಟ್ಟು ಒಂದು ಹಳೆಯ ಆರ್‌ಎಕ್ಸ್ 100 ಬೈಕು ಕೊಂಡಿದ್ದೆ. ಹಿಂದಿನವನು ಎಂಜಿನ್ನಿನ ರಂಧ್ರ ಹಿಗ್ಗಿಸುವ ಪೋರ್ಟಿಂಗ್ ಮಾಡಿಸಿ, ಕಾರ್ಬ್ಯುರೇಟರ್ ಬದಲಿಸಿ, ಸೈಲೆನ್ಸರಿನ ಹೊಟ್ಟೆ ಖಾಲಿ ಮಾಡಿಸಿದ್ದ. ಹದಿನಾಲ್ಕು ತಿಂಗಳಲ್ಲಿ ಎರಡು ಸಲ ಪಿಸ್ಟನ್ ಹಿಡಿದುಕೊಂಡಿತು. ರಿಪೇರಿಗೆ 21 ಸಾವಿರ ಸುರಿದು, ಕೊನೆಗೆ 11 ಸಾವಿರಕ್ಕೆ ಮಾರಿದೆ. ಕೈ ಬಿಟ್ಟದ್ದು 28 ಸಾವಿರ. ಆಗಿನ ನನ್ನ ಸಂಬಳದಲ್ಲಿ ಅದು ಐದು ತಿಂಗಳ ದುಡಿಮೆ. ಗಾಡಿಯನ್ನು ಮೊದಲಿನಂತೆ ಮಾಡಿಸೋಣವೆಂದರೆ ಬಿಚ್ಚಿದ ಸಾಮಾನು ಯಾರ ಹತ್ತಿರವೂ ಇರಲಿಲ್ಲ. ಅವತ್ತಿನಿಂದ ಹಳೆಯ ಗಾಡಿ ನೋಡಲು ಹೋದಾಗಲೆಲ್ಲ ಜೇಬಿನಲ್ಲಿ ಒಂದು ನೋಟ್‌ಬುಕ್ ಇರುತ್ತದೆ.

ಮುಂದಿನ ಶನಿವಾರ ವಿಲ್ಸನ್ ಗಾರ್ಡನ್‌ನ ನಮ್ಮ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದೆ. ಕಾರು ಲಿಫ್ಟಿಗೆ ಏರಿಸಿ ನೋಡಿ, ಸ್ಕ್ಯಾನರ್ ಹಚ್ಚಿ, ಕಂಪ್ರೆಷನ್ ಅಳೆದು ಕೊಡಲು ಆತ ಕೇಳಿದ್ದು 3,500 ರೂಪಾಯಿ. ಇಡೀ ವ್ಯವಹಾರದಲ್ಲಿ ನಾನು ಖರ್ಚು ಮಾಡಿದ್ದು ಅಷ್ಟೇ, ಒಳ್ಳೆಯ ಖರ್ಚೂ ಅದೇ.

ಕಿಲೋಮೀಟರು ಹೆಚ್ಚಾಗಿದೆ ಎಂದು ಆತ ಮುಖ ಸಿಂಡರಿಸಲಿಲ್ಲ. ಹೆಚ್ಚುಕಡಿಮೆ ಹದಿನೈದು ವರ್ಷಕ್ಕೆ 1,48,000 ಎಂದರೆ ವರ್ಷಕ್ಕೆ ಸುಮಾರು ಹತ್ತು ಸಾವಿರ. ಹೈವೇಯಲ್ಲಿ ಹದವಾಗಿ ಓಡಿದ ಒಂದೂವರೆ ಲಕ್ಷಕ್ಕಿಂತ, ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆಗುವ ಊರೊಳಗಿನ ಅರವತ್ತು ಸಾವಿರವೇ ಕೆಟ್ಟದ್ದು ಎನ್ನುವವನು ಅವನು. ಆದರೆ ಹುಡುಗ ಕೊಟ್ಟ ಫೈಲನ್ನು ತಿರುವಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದ. ಸರ್ವಿಸ್ ಬಿಲ್ಲುಗಳು 96,000 ಕಿ.ಮೀ.ಗೆ ನಿಂತಿದ್ದವು. ಅಲ್ಲಿಂದ ಮುಂದೆ ಇದ್ದದ್ದೆಲ್ಲ ಪೈಪಿನ ಬಿಲ್ಲು, ಚಕ್ರದ ಬಿಲ್ಲು, ರೀಮ್ಯಾಪ್ ಬಿಲ್ಲು.

"ಪವರ್‌ಗೆಲ್ಲ ಬಿಲ್ ಐತೆ ಸಾರ್, ಆಯಿಲ್‌ಗೆ ಬಿಲ್ಲೇ ಇಲ್ಲ" ಅಂದ.

ಟರ್ಬೊ ಎಂಜಿನ್‌ಗೆ ಆಯಿಲ್ ಎಂದರೆ ಪ್ರಾಣ. ಟರ್ಬೊದ ಒಳಗಿನ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ, ತೆಳುವಾದ ಎಣ್ಣೆಯ ಪದರದ ಮೇಲೆ. ರೀಮ್ಯಾಪ್ ಮಾಡಿ ಒತ್ತಡ ಏರಿಸಿದರೆ ಶಾಖ ಏರುತ್ತದೆ, ಎಣ್ಣೆ ಬೇಗ ಸಾಯುತ್ತದೆ. ಹೆಚ್ಚಿದ ಎಳೆತವನ್ನು ತಡೆಯುವ ಹೊರೆ ಕ್ಲಚ್ಚಿನ ಮೇಲೆ ಬೀಳುತ್ತದೆ. ಇನ್ನು ಈ ಎಂಜಿನ್‌ನ ಟೈಮಿಂಗ್ ಬೆಲ್ಟ್ ರಬ್ಬರಿನದು. ಓಡುವಾಗ ಹರಿದರೆ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಅದನ್ನು ಯಾವಾಗ ಬದಲಿಸಿದ್ದು ಎಂದು ಕೇಳಿದರೆ ಹುಡುಗ, "ಹಿಂದಿನ ಓನರ್ ಮಾಡಿಸಿರ್ಬೇಕು ಸರ್" ಅಂದ. ಹಳೆಯ ಗಾಡಿಯ ವ್ಯವಹಾರದಲ್ಲಿ 'ಮಾಡಿಸಿರಬೇಕು' ಅನ್ನುವುದನ್ನು 'ಮಾಡಿಸಿಲ್ಲ' ಎಂದೇ ಬರೆದುಕೊಳ್ಳಬೇಕು.

ನಾನು ಬರೆದುಕೊಂಡ ಪಟ್ಟಿ ಇದು. ಟೈಮಿಂಗ್ ಬೆಲ್ಟ್, ವಾಟರ್ ಪಂಪು: 28 ಸಾವಿರ. ಕ್ಲಚ್ ಮತ್ತು ಫ್ಲೈವೀಲ್: 58 ಸಾವಿರ. ಶಾಫ್ಟ್ ಅಲುಗಾಡುತ್ತಿದ್ದ ಟರ್ಬೊ ರಿಪೇರಿ: 45 ಸಾವಿರ. ಎಣ್ಣೆ ಸೋರುತ್ತಿದ್ದ ಮುಂದಿನ ಸಸ್ಪೆನ್ಷನ್: 40 ಸಾವಿರ. ನಾಲ್ಕು ಟೈರು: 36 ಸಾವಿರ, ಹಳೆಯದರ ರಬ್ಬರು ಇನ್ನೂ ದಪ್ಪಗಿತ್ತು, ಆದರೆ ಪಕ್ಕದಲ್ಲಿ 2317 ಎಂದು ಅಚ್ಚಾಗಿತ್ತು, ಅಂದರೆ 2017ರ ಇಪ್ಪತ್ಮೂರನೇ ವಾರ ತಯಾರಾದದ್ದು. ಕನ್ವರ್ಟರ್ ಸಮೇತ ಮೂಲ ಎಕ್ಸಾಸ್ಟ್ ಮರುಜೋಡಣೆ: 60 ಸಾವಿರ. ಹೋಸು, ಪ್ಲಗ್ಗು, ಕಾಯಿಲ್ಲು, ಚಿಲ್ಲರೆ: 20 ಸಾವಿರ. ಆರ್‌ಸಿ ನವೀಕರಣ, ಹೆಸರು ವರ್ಗಾವಣೆ, ಓಡಾಟ: 13 ಸಾವಿರ. ಒಟ್ಟು ಮೂರು ಲಕ್ಷ. ಅಂದರೆ 4.75 ಲಕ್ಷದ ಕಾರಿನ ನಿಜವಾದ ಬೆಲೆ 7.75 ಲಕ್ಷ.

ಪಟ್ಟಿಯಲ್ಲಿ ಕನ್ವರ್ಟರ್ ಯಾಕೆ ಬಂತೆಂದರೆ ಕಾನೂನು. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಇದರದು ಮುಗಿಯಲು ಐದು ತಿಂಗಳು ಬಾಕಿ ಇತ್ತು. 2022ರ ಏಪ್ರಿಲ್‌ನಿಂದ ಇಂಥ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ದುಡ್ಡು ದೊಡ್ಡದಲ್ಲ, ಆದರೆ ನವೀಕರಣಕ್ಕೆ ಕಾರನ್ನು ಆರ್‌ಟಿಓ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು.

ವಿಮೆಯದು ಇನ್ನೊಂದು ಕಥೆ. ಮಾರ್ಪಾಡನ್ನು ತಿಳಿಸದೆ ಪಾಲಿಸಿ ಮಾಡಿಸಿದರೆ, ಅಪಘಾತವಾದ ದಿನ ಸ್ವಂತ ಕಾರಿನ ಹಾನಿಯ ಕ್ಲೇಮು ತಿರಸ್ಕರಿಸಲು ಕಂಪನಿಗೆ ನಾವೇ ಕಾರಣ ಬರೆದುಕೊಟ್ಟಂತೆ. ಮಾರುವವನ ನೋ ಕ್ಲೇಮ್ ಬೋನಸ್ಸೂ ಕಾರಿನ ಜೊತೆ ಬರುವುದಿಲ್ಲ, ಅದು ಅವನ ಸ್ವತ್ತು. ಸಾಲ? ಇಷ್ಟು ಹಳೆಯ ಕಾರಿಗೆ ಬ್ಯಾಂಕಿನ ವಾಹನ ಸಾಲ ಸಿಗುವುದು ಕಷ್ಟ. ಆಗ ಕೈ ತಾನಾಗಿ ಪರ್ಸನಲ್ ಲೋನಿನ ಕಡೆ ಹೋಗುತ್ತದೆ. ಅಲ್ಲಿಗೆ ಹೋಗಲೇಬೇಡಿ. ಮೋಜಿನ ಕಾರನ್ನು ಮೋಜಿನ ಹಣದಲ್ಲೇ ಕೊಳ್ಳಬೇಕು.

ಇನ್ನು ಓಡಿಸುವ ಲೆಕ್ಕ. ನಾನು ವರ್ಷಕ್ಕೆ ಹೆಚ್ಚೆಂದರೆ 5,000 ಕಿ.ಮೀ. ಓಡಿಸುತ್ತಿದ್ದೆ: ಭಾನುವಾರ ಬೆಳಗಿನ ನಂದಿ ಬೆಟ್ಟ, ಆಗೊಮ್ಮೆ ಈಗೊಮ್ಮೆ ಊರು. ಲೀಟರಿಗೆ 8 ಕಿ.ಮೀ., ಪೆಟ್ರೋಲು 102 ರೂಪಾಯಿ ಎಂದು ಹಿಡಿದರೆ 63,750. ಸರ್ವಿಸ್, ಸಣ್ಣ ರಿಪೇರಿಗೆ 40,000. ವಿಮೆ 15,000. ಬಹಳ ಜನ ಬಿಡುವ ನಾಲ್ಕನೇ ಬಾಬತ್ತು, ಕಾರಿನಲ್ಲಿ ಕೂತ ಹಣದ ಬಡ್ಡಿ: 7.75 ಲಕ್ಷಕ್ಕೆ ಶೇ 7ರಂತೆ 54,250. ಎಲ್ಲ ಸೇರಿ ವರ್ಷಕ್ಕೆ 1,73,000. ಕಿಲೋಮೀಟರಿಗೆ 34 ರೂಪಾಯಿ 60 ಪೈಸೆ. ಆಗ ಬೆಂಗಳೂರಿನಲ್ಲಿ ಆಟೋ ಮೀಟರ್ ದರ ಕಿಲೋಮೀಟರಿಗೆ 15 ರೂಪಾಯಿ ಇತ್ತು.

ಇಷ್ಟಕ್ಕೇ ನಿಲ್ಲಿಸಿ 'ಹಳೇ ಕಾರು ದಂಡ' ಎಂದು ತೀರ್ಪು ಕೊಟ್ಟರೆ ಅನ್ಯಾಯ. ಹನ್ನೆರಡು ಲಕ್ಷದ ಹೊಸ ಕಾರನ್ನೇ ತೆಗೆದುಕೊಳ್ಳಿ. ವಿಮೆಯವರ ಸವಕಳಿ ಪಟ್ಟಿಯ ಪ್ರಕಾರ ಐದನೇ ವರ್ಷದ ಹೊತ್ತಿಗೆ ಅದರ ಮೌಲ್ಯ ಅರ್ಧ. ಅಂದರೆ ವರ್ಷಕ್ಕೆ 1.2 ಲಕ್ಷ ಏನೂ ಸದ್ದು ಮಾಡದೆ ಕರಗುತ್ತದೆ; ಪೆಟ್ರೋಲು, ವಿಮೆ, ಬಡ್ಡಿ ಬೇರೆ. ಹಳೆಯ ಆರ್‌ಎಸ್‌ನ ಆ ಸವಕಳಿಯನ್ನು ಮೊದಲ ಮಾಲೀಕನೇ ಹೊತ್ತು ಮುಗಿಸಿದ್ದಾನೆ. ಸರಿಯಾಗಿಟ್ಟ ಕಾರಾದರೆ ಐದು ವರ್ಷದ ನಂತರವೂ ಹುಡುಕಿಕೊಂಡು ಬರುವವರಿರುತ್ತಾರೆ. ಲೆಕ್ಕದಲ್ಲಿ ಎರಡೂ ಅಷ್ಟೇನೂ ದೂರವಿಲ್ಲ.

ವ್ಯತ್ಯಾಸ ಬೇರೆ ಕಡೆ ಇದೆ. ಹೊಸ ಕಾರಿನ ನಷ್ಟಕ್ಕೆ ಟೈಮ್‌ಟೇಬಲ್ ಇದೆ. ಯಾವ ವರ್ಷ ಎಷ್ಟು ಹೋಗುತ್ತದೆಂದು ಮೊದಲೇ ಗೊತ್ತು. ಮಾಡಿಫೈ ಮಾಡಿದ ಕಾರಿನ ನಷ್ಟ ಕರೆಯದೆ ಬರುವ ನೆಂಟ. ಯಾವಾಗ ಬರುತ್ತಾನೆ, ಎಷ್ಟು ದಿನ ಇರುತ್ತಾನೆ, ಹೇಳಲಾಗದು. ಆ ಅನಿಶ್ಚಿತತೆಯನ್ನು ಕಡಿಮೆ ಮಾಡುವ ಒಂದೇ ದಾರಿ, ಕಾರನ್ನು ಮತ್ತೆ ಮೂಲರೂಪಕ್ಕೆ ತರಲು ಸಾಧ್ಯವೇ ಎಂದು ನೋಡುವುದು. ಹಾಗಾಗಿ ಹೊರಡುವ ಮುಂಚೆ ಹುಡುಗನಿಗೆ ನನ್ನ ಕೊನೆಯ ಪ್ರಶ್ನೆ ಕೇಳಿದೆ: "ಬಿಚ್ಚಿದ ಒರಿಜಿನಲ್ ಸಾಮಾನೆಲ್ಲ ಎಲ್ಲಿಟ್ಟಿದೀರಪ್ಪ?"

ಅವನು ನಕ್ಕ. ಸಸ್ಪೆನ್ಷನ್ನು ಸ್ನೇಹಿತನ ಕಾರಿಗೆ ಹೋಗಿತ್ತು. ಹಳೆಯ ಚಕ್ರ ಮಾರಿದ್ದ. ಕ್ಯಾಟಲಿಟಿಕ್ ಕನ್ವರ್ಟರನ್ನು ಗುಜರಿಗೆ ಹಾಕಿದ್ದ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ ಇರುವುದರಿಂದ ಗುಜರಿಯವರು ಒಳ್ಳೆಯ ಬೆಲೆ ಕೊಡುತ್ತಾರೆ. ಸೈಲೆನ್ಸರ್ ಏನಾಯಿತೆಂದು ನೆನಪಿಲ್ಲ. ಇಸಿಯು ಮೂಲ ಫೈಲು ರೀಮ್ಯಾಪ್ ಮಾಡಿದವರ ಹತ್ತಿರ ಇರಬೇಕು, ಆದರೆ ಆ ಅಂಗಡಿ ಈಗಿಲ್ಲ.

ಈ ಪ್ರಶ್ನೆ ಬರೀ ಸಾಮಾನಿನದಲ್ಲ, ಮನುಷ್ಯನ ಸ್ವಭಾವದ್ದು. ಬಿಚ್ಚಿದ್ದನ್ನು ಪೇಪರಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು, ಅಟ್ಟಕ್ಕೆ ಹಾಕಿದವನು ಆಯಿಲನ್ನೂ ಹೊತ್ತಿಗೆ ಸರಿಯಾಗಿ ಬದಲಿಸಿರುತ್ತಾನೆ. ಮಾರಿ ಕೈ ತೊಳೆದುಕೊಂಡವನು ನಾಳೆಯ ಬಿಲ್ಲನ್ನೂ ಯಾರಾದರೊಬ್ಬರ ತಲೆಗೆ ಕಟ್ಟಲು ಕಾಯುತ್ತಿರುತ್ತಾನೆ. ಆ ಯಾರಾದರೊಬ್ಬ ನಾನಾಗುವುದರಲ್ಲಿದ್ದೆ.

ಎರಡೂವರೆ ಲಕ್ಷಕ್ಕೆ ಕೇಳಿದೆ. ಹುಡುಗನಿಗೆ ಬೇಜಾರಾಯಿತು, ಆದರೂ ಕಾಫಿ ಕೊಟ್ಟು ಕಳಿಸಿದ. ಮೂರು ವಾರದಲ್ಲಿ ಕಾರು ಬೇರೆಯವರಿಗೆ ಹೋಯಿತು ಎಂದು ಸ್ನೇಹಿತ ತಿಳಿಸಿದ. ಒಂದೆರಡು ದಿನ ಹೊಟ್ಟೆ ಚುರ್ ಅಂದದ್ದು ನಿಜ.

ನಿಮಗೂ ಇಂಥ ಆಸೆ ಇದ್ದರೆ ಅದನ್ನು ಕೊಲ್ಲಬೇಡಿ, ಬಜೆಟ್ಟಿಗೆ ಹಾಕಿ. ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಆರು ರೂಪಾಯಿಯ ಕಾರು ನೋಡಿ. ಉಳಿದ ನಾಲ್ಕು ಮೊದಲ ವರ್ಷದ ರಿಪೇರಿಗೆ ಬೇಕೇ ಬೇಕು. ಮಕ್ಕಳ ಫೀಸು, ಆರು ತಿಂಗಳ ಮನೆಖರ್ಚು, ಆರೋಗ್ಯ ವಿಮೆ ಇವನ್ನು ಮುಟ್ಟದೆ ಆ ಹತ್ತೂ ಹೋದರೂ ನಿದ್ದೆ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಬಿಲ್ಲಿಲ್ಲದ ಮಾತನ್ನು ನಂಬಬೇಡಿ. ನಿಮ್ಮದೇ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತೋರಿಸಿ, ಮಾರುವವನು ಕರೆತಂದವನಿಗಲ್ಲ.

ನನ್ನ ಆರು ಲಕ್ಷ ಮತ್ತೆ ಎಫ್‌ಡಿಗೆ ಹೋಗಿ ಕೂತಿದೆ. ಹುಡುಕಾಟ ನಿಲ್ಲಿಸಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಆರ್‌ಎಸ್‌ನ ಹಳೆಯ ಸೈಲೆನ್ಸರ್ ಪೇಪರಿನಲ್ಲಿ ಸುತ್ತಿಟ್ಟಿದ್ದರೆ ತಿಳಿಸಿ. ಕಾರಿನ ಬೆಲೆ ಆಮೇಲೆ ಮಾತಾಡೋಣ.