ನಂಬರ್ ಓದುವ ಮುನ್ನ ತಗಡು ಓದಬೇಕು

ಇಟಲಿಯ ಕಾರು ಎಂದರೆ ಈಗಿನ ಹುಡುಗರಿಗೆ ಫೆರಾರಿ. ಅರಸೀಕೆರೆಯ ಕೊಬ್ಬರಿ ಮಂಡಿಯವರಿಗೂ ಬೇಲೂರು ಕಡೆಯ ಕಾಫಿ ತೋಟದವರಿಗೂ ಅದು ಫಿಯೆಟ್. ಟ್ಯೂರಿನ್‌ನಲ್ಲಿ ಹುಟ್ಟಿದ 1100 ಮಾದರಿಯನ್ನು 1950ರ ದಶಕದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಮುಂಬೈನ ಕುರ್ಲಾದಲ್ಲಿ ತಯಾರಿಸತೊಡಗಿತು. 1964ರಲ್ಲಿ ಡಿಲೈಟ್ ಬಂತು. 1970ರ ದಶಕದಲ್ಲಿ ಫಿಯೆಟ್ ಹೆಸರು ಹೋಗಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ. ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ಫಿಯೆಟ್ಟೇ. ಒಂದು ಕಾಲಕ್ಕೆ ಗುಜರಿ ತೂಕಕ್ಕೆ ಹೋಗುತ್ತಿದ್ದ ಗಾಡಿಗೆ ಈಗ ಮತ್ತೆ ಬೆಲೆ ಬಂದಿದೆ, ಬೆಲೆಯ ಹಿಂದೆ ಸುಳ್ಳೂ ಬಂದಿದೆ. ಹಳೆಯ ಕಾರು ಕೊಳ್ಳುವವರು ನನ್ನಂಥ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ಯುವುದು ಎಂಜಿನ್ ಸದ್ದು ಕೇಳಿ ಹೇಳಲಿ ಅಂತ. ಸದ್ದು ಕೆಟ್ಟಿದ್ದರೆ ಸರಿ ಮಾಡಬಹುದು. ನಂಬರ್ ಕೆಟ್ಟಿದ್ದರೆ ನನ್ನ ಕೈಲೂ ಆಗದು.

1. ಕಾಗದ ನೋಡುವವರೆಗೆ ಬಾನೆಟ್ ಎತ್ತಬೇಡಿ.

ಬಣ್ಣ, ಕ್ರೋಮ್ ಕಣ್ಣಿಗೆ ಬಿದ್ದ ಮೇಲೆ ಕೊಳ್ಳುವವನ ಮನಸ್ಸು ಸೋತುಹೋಗುತ್ತದೆ, ಆಮೇಲೆ ಕಾಗದದಲ್ಲಿ ತಪ್ಪು ಕಂಡರೂ ತಪ್ಪೆನಿಸುವುದಿಲ್ಲ. ಆರ್‌ಸಿ ಕಾರ್ಡ್ ಒಂದೇ ಸಾಲದು, ಆರ್‌ಟಿಒ ದಾಖಲೆಯ ನಕಲಾದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಗಾಡಿ ಎಷ್ಟು ಕೈ ಬದಲಾಗಿದೆ, ಸಾಲ ಇತ್ತೇ, ತೆರಿಗೆ ಕಟ್ಟಿದೆಯೇ, ಎಂಜಿನ್ ಬದಲಾದದ್ದು ದಾಖಲಾಗಿದೆಯೇ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಮನೆಯ ಬೀರುವಿನಲ್ಲಿ ಹಳೆಯ ಆರ್‌ಸಿ ಪುಸ್ತಕ ಇದ್ದರೆ ಅದನ್ನೂ ಕೇಳಿ ತೆಗೆಸಿ. ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ ಸೊನ್ನೆ 'ಓ' ಆಗಿರುತ್ತದೆ, ಎಂಟು 'ಬಿ' ಆಗಿರುತ್ತದೆ, ಐದು 'ಎಸ್' ಆಗಿರುತ್ತದೆ, ಮುಂದಿನ ಮಾದರಿ ಅಕ್ಷರಗಳೇ ಬಿಟ್ಟುಹೋಗಿರುತ್ತವೆ. ಇವು ಗುಮಾಸ್ತರ ಕೈತಪ್ಪು, ಕಳ್ಳತನವಲ್ಲ. ಆದರೆ ತಿದ್ದಿಸಬೇಕಾದವರು ಮಾರುವವರೇ. 'ನೀವೇ ಆಮೇಲೆ ಮಾಡಿಸ್ಕೊಳಿ ಸಾರ್' ಎಂಬ ಮಾತಿಗೆ ತಲೆಯಾಡಿಸಬೇಡಿ.

ನಮ್ಮದು ಜಿಲ್ಲೆಗಳ ಗಡಿಯ ಊರು. ಕೆಎ-13 ಹಾಸನದ್ದು, ಕೆಎ-44 ತಿಪಟೂರಿನದು, ಕೆಎ-18 ಚಿಕ್ಕಮಗಳೂರಿನದು, ಕೆಎ-46 ಸಕಲೇಶಪುರದ್ದು. ನಾಲ್ಕೂ ಒಂದೇ ಸಂತೆಗೆ ಬರುತ್ತವೆ. ಕೆಎ ಎಂಬುದು ಬಂದದ್ದೇ 1989ರಲ್ಲಿ ಹೊಸ ಕಾಯಿದೆ ಜಾರಿಗೆ ಬಂದ ನಂತರ. 1968ರ ಗಾಡಿ ಎಂದು ಹೇಳಿ ಕೆಎ ನಂಬರ್ ತೋರಿಸಿದರೆ ಅದಕ್ಕೂ ಮುಂಚೆ ಯಾವ ನಂಬರಿತ್ತು, ಯಾಕೆ ಬದಲಾಯಿತು ಎಂದು ಕೇಳಲೇಬೇಕು. ಹೊರರಾಜ್ಯದಿಂದ ಬಂದದ್ದಾದರೆ ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿಯ ಜಾಡು ಇರಬೇಕು.

2. ಫಿಯೆಟ್‌ಗೆ ಬೇರೆ ಚಾಸಿ ಎಂಬುದೇ ಇಲ್ಲ.

ಇದನ್ನು ಹೇಳಿದರೆ ಎಷ್ಟೋ ಮಂದಿ ನಗುತ್ತಾರೆ. ಜೀಪಿಗೆ, ಲಾರಿಗೆ ಕೆಳಗೆ ದಪ್ಪ ಕಬ್ಬಿಣದ ಚೌಕಟ್ಟಿದೆ, ನಂಬರ್ ಅದರ ಮೇಲಿರುತ್ತದೆ. ಫಿಯೆಟ್‌ನಲ್ಲಿ ಬಾಡಿಯೇ ಚೌಕಟ್ಟು. ಹಾಗಾಗಿ 'ಚಾಸಿ ನಂಬರ್' ಇರುವುದು ಎಂಜಿನ್ನಿಗೂ ಒಳಗಿನ ಡ್ಯಾಶ್‌ಬೋರ್ಡಿಗೂ ನಡುವಿನ ಅಡ್ಡತಗಡಿನ ಮೇಲೆ. ತಗಡು ಎಂದ ಮೇಲೆ ಕತ್ತರಿಸಬಹುದು, ಇನ್ನೊಂದಕ್ಕೆ ಬೆಸೆಯಬಹುದು. ತುಕ್ಕು ತಿಂದು ಸತ್ತ ಗಾಡಿಯ ಕಾಗದವೂ ಅಂಗೈಯಗಲ ತಗಡೂ ಸಿಕ್ಕರೆ ಟಿಂಕರ್ ಕೈಯಲ್ಲಿ ಇನ್ನೊಂದು ಬಾಡಿಗೆ ಜನ್ಮಪತ್ರ ಸಿದ್ಧ.

ಹಾಗಾಗಿ ನಾನು ಮುಂದಿನಿಂದ ನೋಡಿದಷ್ಟೇ ಹಿಂದಿನಿಂದಲೂ ನೋಡುತ್ತೇನೆ. ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ, ರಬ್ಬರ್ ಹಾಸು ಸರಿಸಿ, ಟಾರ್ಚ್ ಬಿಟ್ಟರೆ ತೇಪೆಯ ಗೆರೆ ಸಿಗುತ್ತದೆ. ಮುಂದೆ ಪುಟ್ಟಿ ಹಾಕಿ ಬಣ್ಣ ಹೊಡೆದವನು ಹಿಂದೆ ಹಾಗೇ ಬಿಟ್ಟಿರುತ್ತಾನೆ. ತೆಳು ತಗಡಿಗೆ ಗಟ್ಟಿಯಾಗಿ ಅಕ್ಷರ ಹೊಡೆದಾಗ ಹಿಂದುಗಡೆ ಸಣ್ಣಗೆ ಉಬ್ಬುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಪುಟ್ಟಿಯ ಗುಮಾನಿ ಇದ್ದ ಕಡೆ ಸಣ್ಣ ಅಯಸ್ಕಾಂತ ಇಡಿ. ತಗಡಿದ್ದಲ್ಲಿ ಕಚ್ಚುತ್ತದೆ, ಪುಟ್ಟಿ ದಪ್ಪಗಿದ್ದಲ್ಲಿ ಜಾರುತ್ತದೆ.

ಒಂದು ಮಾತು ಬೇಲೂರು ಕಡೆಯವರಿಗೆ. ಮಲೆನಾಡ ಮಳೆಯಲ್ಲಿ ನಿಂತ ಗಾಡಿಯ ಈ ತಗಡಿನ ಕೆಳಭಾಗ ನಿಜವಾಗಿಯೇ ಕೊಳೆತಿರುತ್ತದೆ, ಪ್ರಾಮಾಣಿಕವಾಗಿಯೇ ತೇಪೆ ಬಿದ್ದಿರುತ್ತದೆ. ತೇಪೆ ಕೆಳಗಿದ್ದರೆ ಹೆದರಬೇಡಿ. ನಂಬರಿನ ಸುತ್ತ ಚೌಕಾಕಾರದ ಬೆಸುಗೆ ಇದ್ದರೆ ಅಲ್ಲಿಗೆ ಮಾತು ನಿಲ್ಲಿಸಿ.

3. ರಿವೆಟ್ ಹೊಡೆದ ತಗಡು ಪಟ್ಟಿಯನ್ನು ಸಾಕ್ಷಿ ಎಂದು ಎಣಿಸಬೇಡಿ. ಅಂಥದ್ದು ಹೊಸದಾಗಿ ಮಾಡಿಸಿದರೂ ಸಿಗುತ್ತದೆ. ರಿವೆಟ್ ಹೊಸದೇ, ಸುತ್ತ ಬಣ್ಣ ಹೇಗಿದೆ ನೋಡಿ ಮುಂದೆ ಹೋಗಿ.

4. ಉಜ್ಜಬೇಡಿ.

ನಂಬರಿನ ಮೇಲಿನ ಕೊಳೆ ತೆಗೆಯಲು ಸೀಮೆಎಣ್ಣೆಯೋ ಡೀಸೆಲ್ಲೋ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಟ್ಟೆ: ಇಷ್ಟು ಸಾಕು. ಉಪ್ಪುಕಾಗದ, ಗ್ರೈಂಡರ್ ಹತ್ತಿರಕ್ಕೂ ತರಕೂಡದು. ಗೀರು ಬಿದ್ದ ನಂಬರನ್ನು ಬ್ರೇಕ್ ಇನ್‌ಸ್ಪೆಕ್ಟರ್ ಕಂಡರೆ ಯಾರು ಉಜ್ಜಿದರು, ಯಾಕೆ ಎಂಬ ಪ್ರಶ್ನೆ ಬರುತ್ತದೆ. ಆಗ ಗಾಡಿ ನಿಮ್ಮ ಹೆಸರಲ್ಲಿರುತ್ತದೆ. ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಹಿಡಿದರೆ ಸವೆದ ಅಂಕಿಯ ನೆರಳೇ ಓದಿಸುತ್ತದೆ.

ಆಮೇಲೆ ಪೆನ್ಸಿಲ್ ಪ್ರಿಂಟ್. ತೆಳು ಕಾಗದ ಅಂಟಿಸಿ ಮೆತ್ತನೆ ಪೆನ್ಸಿಲ್ ಅಡ್ಡಡ್ಡ ಉಜ್ಜುವುದು. ಹಳೇಬೀಡಿನ ಶಾಸನಗಳಿಗೆ ಕಾಗದ ಒತ್ತಿ ಮಸಿ ತಟ್ಟಿ ಪಡಿಯಚ್ಚು ತೆಗೆದರಲ್ಲ, ಅದೇ ಕೆಲಸ. ಅಲ್ಲಿ ಹೇಗೋ ಇಲ್ಲೂ ಹಾಗೆ: ಕಣ್ಣು ತನಗೆ ಬೇಕಾದ ಅಂಕಿಯನ್ನು ಓದಿಬಿಡುತ್ತದೆ, ಕಾಗದ ಇದ್ದದ್ದನ್ನೇ ತೋರಿಸುತ್ತದೆ. ಮೂರೋ ಎಂಟೋ ಎಂಬ ಜಗಳ ಫೋಟೊದಲ್ಲಿ ಬಗೆಹರಿಯದಿದ್ದರೂ ಪ್ರಿಂಟ್‌ನಲ್ಲಿ ಬಗೆಹರಿಯುತ್ತದೆ. ಗಾಡಿಯ ನೋಂದಣಿಯ ಅರ್ಜಿಯಲ್ಲೇ ಈ ಪ್ರಿಂಟ್‌ಗೆ ಜಾಗ ಬಿಟ್ಟಿರುವುದು ಸುಮ್ಮನೆ ಅಲ್ಲ.

5. ಅಂಕಿಗಿಂತ ಅಂಕಿಯ ಸುತ್ತ ನೋಡಿ.

ಕಾರ್ಖಾನೆಯಲ್ಲಿ ಹೊಡೆದ ಅಂಕಿಗಳು ಒಂದೇ ಅಚ್ಚಿನವು. ಒಂದು ಅಂಕಿ ಸ್ವಲ್ಪ ಓರೆಯಾಗಿರಬಹುದು, ಅದು ದೋಷವಲ್ಲ. ಆದರೆ ಎರಡು ಕಡೆ ಬಂದ 7 ಎರಡು ಬಗೆಯಾಗಿದ್ದರೆ, ಒಂದೇ ಅಂಕಿ ಮಾತ್ರ ಆಳವಾಗಿದ್ದರೆ, ಸುತ್ತಲಿನ ಲೋಹ ತಗ್ಗಾಗಿ ಹೊಳೆಯುತ್ತಿದ್ದರೆ ಬೇರೆ ಕೈ ಆಡಿದೆ ಎಂದರ್ಥ. ಅಳಿಸಿದವನಿಗೆ ಗೊತ್ತಿರದ ಒಂದು ಸಂಗತಿಯಿದೆ. ಅಚ್ಚು ಬಡಿದಾಗ ಕಾಣುವ ತಗ್ಗಿಗಿಂತ ಕೆಳಗಿನವರೆಗೂ ಉಕ್ಕು ಅದುಮಿಕೊಂಡಿರುತ್ತದೆ. ಮೇಲಿನದನ್ನು ತೇಯ್ದರೂ ವಿಧಿವಿಜ್ಞಾನ ಪ್ರಯೋಗಾಲಯದವರು ಆಮ್ಲದ ದ್ರಾವಣ ಹಚ್ಚಿದಾಗ ಅದುಮಿದ ಜಾಗ ಬೇರೆಯಾಗಿ ಕರಗಿ ಹಳೆಯ ಅಂಕಿ ಮೇಲೇಳುತ್ತದೆ. ಮನೆಯಲ್ಲಿ ಮಾಡುವ ಕೆಲಸ ಅದಲ್ಲ. ಗುಮಾನಿ ಬಂದರೆ ಪೊಲೀಸರಿಗೆ ಬಿಡಿ.

6. ಎಂಜಿನ್ ಬದಲಾಗಿದ್ದರೆ ಮುಖ ಸಿಂಡರಿಸಬೇಡಿ.

ಇದು ನಾನು ಎಲ್ಲರಿಗೂ ಹೇಳಿ ಸೋತ ಪಾಠ. ಅಮೆರಿಕದ ಹರಾಜಿನ ವೀಡಿಯೊ ನೋಡಿ ಬಂದ ಹುಡುಗರು 'ಮ್ಯಾಚಿಂಗ್ ನಂಬರ್ ಇದೆಯಾ ಅಣ್ಣ' ಎನ್ನುತ್ತಾರೆ. ಎಂಜಿನ್ ನಂಬರೂ ಚಾಸಿ ನಂಬರೂ ಒಂದೇ ಇರಬೇಕು ಎಂದುಕೊಂಡಿರುತ್ತಾರೆ. ಹಳೆಯ ಫೆರಾರಿಗಳಲ್ಲಿ ಹಾಗಿತ್ತು. ರಸ್ತೆಯ ಕಾರಿಗೆ ಬೆಸ ಅಂಕಿ, ರೇಸಿನದಕ್ಕೆ ಸಮ ಅಂಕಿ ಎಂಬ ಪದ್ಧತಿಯೂ ಅವರಲ್ಲಿತ್ತು. ಅಲ್ಲಿ ಒಂದು ಅಂಕಿಯ ಮೇಲೆ ಕೋಟಿಗಳು ನಿಂತಿರುವುದರಿಂದ ಕಂಪನಿಯೇ ಮರನೆಲ್ಲೋದಲ್ಲಿ ಕಡತ ತೆಗೆದು ಗಾಡಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಫಿಯೆಟ್‌ನ ಎರಡು ನಂಬರ್‌ಗಳು ಬೇರೆಬೇರೆಯೇ. ಇಲ್ಲಿ ಹೊಂದಾಣಿಕೆ ಎಂದರೆ ಎರಡೂ ಆರ್‌ಸಿಗೆ ಹೊಂದಬೇಕು, ಅಷ್ಟೇ.

ಇನ್ನು ನಮ್ಮ ಕಡೆ ಈ 1089 ಸಿಸಿ ಎಂಜಿನ್ನುಗಳು ದುಡಿದ ದುಡಿಮೆ ನೆನೆಯಿರಿ. ಮದುವೆ ಬಾಡಿಗೆಗೆ ಹತ್ತು ಜನ ತುಂಬಿಕೊಂಡು ಓಡಿದವು. ಬೋರ್ ಮಾಡಿಸಿ ಮಾಡಿಸಿ ಬ್ಲಾಕ್ ಸವೆದಾಗ ಗುಜರಿಯಿಂದ ಇನ್ನೊಂದು ತಂದು ಕೂರಿಸಿದರು. ಕಾಯಿದೆಯ ಪ್ರಕಾರ ಎಂಜಿನ್ ಬದಲಿಸಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಬರೆಸಿದ್ದರೆ, ಬಿಲ್ ಇದ್ದರೆ ಆ ಗಾಡಿ ಶುದ್ಧ. ನನ್ನನ್ನು ಕೇಳಿದರೆ, ಬದಲಾದ ಎಂಜಿನ್ನನ್ನು ಒಪ್ಪಿಕೊಂಡ ಕಾರು, ಆರ್‌ಸಿಗೆ ಹೊಂದುವಂತೆ ಬ್ಲಾಕ್ ತೇಯ್ದು ಹೊಸ ಅಂಕಿ ಬಡಿದ ಕಾರಿಗಿಂತ ಎಷ್ಟೋ ಮೇಲು. ಮೊದಲನೆಯದಕ್ಕೆ ಬೆಲೆ ಕಡಿಮೆ ಕೇಳಬಹುದು. ಎರಡನೆಯದನ್ನು ಬಿಟ್ಟಿ ಕೊಟ್ಟರೂ ತರಬಾರದು.

7. ಮಾದರಿಯೂ ಕಾಗದವೂ ಒಂದೇ ಕಾಲದವಾಗಿರಲಿ. 1950ರ ದಶಕದ 1100ಕ್ಕೆ, ಅಂದರೆ ಮಿಲ್ಲೆಚೆಂಟೊಗೆ, ಮುಂಬಾಗಿಲು ಹಿಂದುಮುಂದಾಗಿ ತೆರೆಯುತ್ತಿತ್ತು. ಕಾಗದದಲ್ಲಿ 1955 ಎಂದಿದ್ದು ಬಾಗಿಲು ಈಗಿನ ಕಾರಿನಂತೆ ತೆರೆದರೆ ನಂಬರ್ ನೋಡುವ ಶ್ರಮವೂ ಬೇಡ.

8. ವಿಂಟೇಜ್ ನೋಂದಣಿಯ ಆಸೆ ಇದ್ದರೆ ಇನ್ನೂ ಬಿಗಿ.

2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಗಾಡಿಗೆ 'ವಿಎ' ಅಕ್ಷರದ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು ಎಂಬುದು ಷರತ್ತು. ಡೀಸೆಲ್ ಎಂಜಿನ್ ಕೂರಿಸಿದ ಡಿಲೈಟ್ ತೆಗೆದುಕೊಂಡು ಈ ಬಾಗಿಲು ತಟ್ಟುವುದು ವ್ಯರ್ಥ. ಸಿಕ್ಕರೂ ಆ ಗಾಡಿಯಲ್ಲಿ ದಿನಾ ಸಂತೆಗೆ ಹೋಗುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲು ಇಂಥದ್ದಕ್ಕಷ್ಟೇ. ತೋಟಕ್ಕೆ ಓಡಿಸುವ ಮನಸ್ಸಿದ್ದವರು ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಸುಖವಾಗಿರಬಹುದು.

9. ಮುಂಗಡ ಎಲ್ಲಿ ಕೊಡುತ್ತೀರಿ ಎಂಬುದೂ ಒಂದು ಪರೀಕ್ಷೆ.

ಮಾರುವವರ ಮನೆಯಲ್ಲಿ ಕಾಫಿ ಕುಡಿದ ಮೇಲೆ ನೋಟಿನ ಕಟ್ಟು ತೆಗೆಯಬೇಡಿ. ಕಳವಾದ ಗಾಡಿಗಳ ಪಟ್ಟಿಯಲ್ಲಿ ಈ ನಂಬರ್ ಇದೆಯೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ (ಎನ್‌ಸಿಆರ್‌ಬಿ) ಪೋರ್ಟಲ್‌ನಲ್ಲಿ ಮೊದಲೇ ನೋಡಿಕೊಂಡಿರಿ. ಆಮೇಲೆ ಇಷ್ಟು ಹೇಳಿ: 'ಯಜಮಾನ್ರೆ, ಗಾಡಿ ಒಪ್ಪಿಗೆ. ಸೋಮವಾರ ಆರ್‌ಟಿಒ ಆಫೀಸ್ ಹತ್ರ ತನ್ನಿ, ಇನ್‌ಸ್ಪೆಕ್ಟರ್ ನಂಬರ್ ನೋಡ್ಲಿ, ಅಲ್ಲೇ ದುಡ್ಡು ಎಣಿಸ್ತೀನಿ.' ಸರಿಯಾದ ಗಾಡಿಯವರು ಟೈಮ್ ಕೇಳುತ್ತಾರೆ. ಉಳಿದವರು ಬ್ಯಾಟರಿ ಡೌನ್ ಆಗಿದೆ ಎನ್ನುತ್ತಾರೆ.