ರೋಗಾಣು ಕೊಲ್ಲುವ ಮಾತ್ರೆ, ಊತಕ್ಕೂ ಮದ್ದು

ಆ್ಯಂಟಿಬಯಾಟಿಕ್ ಎಂದರೆ ರೋಗಾಣುಗಳನ್ನು ಕೊಲ್ಲುವ ಔಷಧ ಎಂಬುದು ನಿಮಗೆ ತಿಳಿದೇ ಇದೆ. ಆದರೆ ಮೊಡವೆಗೋ ವಸಡಿನ ತೊಂದರೆಗೋ ವೈದ್ಯರು ಅದನ್ನೇ ವಾರಗಟ್ಟಲೆ, ತಿಂಗಳುಗಟ್ಟಲೆ ಬರೆದುಕೊಟ್ಟಾಗ 'ಇಷ್ಟು ದಿನ ಏಕೆ?' ಎಂಬ ಪ್ರಶ್ನೆ ಏಳುವುದು ಸಹಜ. ಕೆಲವು ಆ್ಯಂಟಿಬಯಾಟಿಕ್‌ಗಳಿಗೆ ಇನ್ನೊಂದು ಗುಣವೂ ಇದೆ. ಅವು ಉರಿಯೂತವನ್ನು ತಗ್ಗಿಸುತ್ತವೆ.

ಗಾಯವಾದ ಜಾಗ ಕೆಂಪಗಾಗಿ, ಬಿಸಿಯೇರಿ, ಊದಿಕೊಂಡು ನೋಯುತ್ತದಲ್ಲ, ಅದೇ ಉರಿಯೂತ. ಅದು ದೇಹದ ರಕ್ಷಣಾಕ್ರಮ. ಅಲ್ಲಿಗೆ ಧಾವಿಸುವ ಬಿಳಿ ರಕ್ತಕಣಗಳು ಕೆಲವು ಕಿಣ್ವಗಳನ್ನು ಸುರಿಸುತ್ತವೆ. ಈ ಕೆಲಸ ನಿಲ್ಲಬೇಕಾದಾಗ ನಿಲ್ಲದಿದ್ದರೆ ನಮ್ಮದೇ ಅಂಗಾಂಶ ಹಾಳಾಗುತ್ತದೆ. ವಸಡಿನ ರೋಗದಲ್ಲಿ ಹಲ್ಲು ಸಡಿಲವಾಗಲು ಈ ಕಿಣ್ವಗಳೂ ಮುಖ್ಯ ಕಾರಣ. ಹಲ್ಲನ್ನು ಹಿಡಿದಿಟ್ಟ ಕೊಲಾಜೆನ್ ಎಂಬ ನಾರನ್ನು ಅವು ಕತ್ತರಿಸಿಹಾಕುತ್ತವೆ.

ಈ ಕಿಣ್ವ ಕೆಲಸ ಮಾಡಲು ಸತುವಿನ ಅಂಶ ಬೇಕು. ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಲೋಹದ ಅಂಶಗಳಿಗೆ ಅಂಟಿಕೊಳ್ಳುವುದರಿಂದ ಕಿಣ್ವದ ಕೈ ಕಟ್ಟಿದಂತಾಗುತ್ತದೆ. (ಹಾಲಿನೊಡನೆ ಈ ಮಾತ್ರೆ ಬೇಡ ಎನ್ನುವುದೂ ಇದೇ ಗುಣದಿಂದ. ಅದು ಹಾಲಿನ ಕ್ಯಾಲ್ಸಿಯಂಗೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ.) 1980ರ ದಶಕದಲ್ಲಿ ಅಮೆರಿಕದ ಲಾರ್ನ್ ಗೊಲಬ್ ಮತ್ತು ಸಂಗಡಿಗರು ರೋಗಾಣುಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲೂ ಈ ಪರಿಣಾಮವನ್ನು ಕಂಡರು. ಕೊಲ್ಲಲು ರೋಗಾಣುವೇ ಇಲ್ಲದ ಕಡೆ ಔಷಧ ಫಲಿಸಿತೆಂದರೆ ಅದರ ದಾರಿ ಬೇರೆಯೇ ಇರಬೇಕಲ್ಲವೇ? ಮುಂದೆ 1998ರಲ್ಲಿ ಡಾಕ್ಸಿಸೈಕ್ಲಿನ್‌ನ 20 ಮಿ.ಗ್ರಾಂ. ಮಾತ್ರೆ ವಸಡಿನ ರೋಗಕ್ಕಾಗಿ ಅಲ್ಲಿ ಮಂಜೂರಾಯಿತು. ದಿನಕ್ಕೆರಡು ಸಲ ನುಂಗಿದರೂ ರೋಗಾಣು ಕೊಲ್ಲಲು ಅಷ್ಟು ಸಾಲದು, ಕಿಣ್ವವನ್ನು ತಡೆಯಲು ಸಾಕು. ಹಲ್ಲಿನ ಬುಡ ಶುಚಿ ಮಾಡಿಸುವುದಂತೂ ತಪ್ಪುವುದಿಲ್ಲ.

ಎರಿತ್ರೊಮೈಸಿನ್ ಕಥೆ ಇನ್ನೂ ಸ್ವಾರಸ್ಯಕರ. ಜಪಾನಿನಲ್ಲಿ ಸಣ್ಣ ಶ್ವಾಸನಾಳಗಳ ಒಂದು ಬಗೆಯ ಉರಿಯೂತ ಅನೇಕರ ಜೀವ ತೆಗೆಯುತ್ತಿತ್ತು. 1980ರ ದಶಕದಲ್ಲಿ ಈ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ದೀರ್ಘಕಾಲ ಕೊಡತೊಡಗಿದ ಮೇಲೆ ಹತ್ತು ವರ್ಷ ಬದುಕುಳಿಯುವವರ ಪ್ರಮಾಣ ಶೇ. 90 ದಾಟಿತು. ಎರಿತ್ರೊಮೈಸಿನ್‌ಗೆ ಬಗ್ಗದ ರೋಗಾಣುಗಳಿದ್ದವರೂ ಚೇತರಿಸಿಕೊಂಡರು.

ಹಾಗೆಂದು ಮಂಡಿ ಊದಿತು, ಗಂಟಲು ನೋಯಿತು ಎಂದು ಔಷಧದ ಅಂಗಡಿಗೆ ಹೋಗಿ ನೀವೇ ಕೊಳ್ಳಬೇಡಿ. ಒಂದು ಉರಿಯೂತಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಇದೇ ಆಸೆಯಿಂದ ಅಜಿತ್ರೊಮೈಸಿನ್ ಧಾರಾಳವಾಗಿ ಬಳಕೆಯಾಯಿತು. ಬ್ರಿಟನ್ನಿನಲ್ಲಿ ಆಸ್ಪತ್ರೆ ಸೇರಿದ 7 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮಾತ್ರೆ ಪಡೆದವರಲ್ಲೂ ಪಡೆಯದವರಲ್ಲೂ ಸಾವಿನ ಪ್ರಮಾಣ ಒಂದೇ ಆಗಿತ್ತು. ಅನಗತ್ಯವಾಗಿ ನುಂಗಿದಷ್ಟೂ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುತ್ತವೆ. ಅಜಿತ್ರೊಮೈಸಿನ್ ದೀರ್ಘಕಾಲ ತೆಗೆದುಕೊಂಡ ಕೆಲವರಿಗೆ ಕಿವಿ ಮಂದವಾಗುವುದೂ ಉಂಟು.

ವೈದ್ಯರು ಡಾಕ್ಸಿಸೈಕ್ಲಿನ್ ಬರೆದಿದ್ದರೆ, ನೀವು ಗರ್ಭಿಣಿಯಾಗಿದ್ದಲ್ಲಿ ಮೊದಲೇ ಹೇಳಿ. ಅಣ್ಣನಿಗೆ ಬರೆದ ಮಾತ್ರೆಯನ್ನು ಪುಟ್ಟ ತಂಗಿಗೆ ಕೊಡಬೇಡಿ. ಕಬ್ಬಿಣದ ಮಾತ್ರೆ ಮತ್ತು ಆ್ಯಸಿಡಿಟಿ ಔಷಧವನ್ನು ಇದರ ಜೊತೆಗೇ ತೆಗೆದುಕೊಳ್ಳಬೇಡಿ. ಬಿಸಿಲಿಗೆ ಚರ್ಮ ಬೇಗ ಕಂದೀತು, ಎಚ್ಚರ. ಲೋಟದ ತುಂಬ ನೀರು ಕುಡಿದು ಮಾತ್ರೆ ನುಂಗಿ, ಅರ್ಧ ಗಂಟೆಯಾದರೂ ಮಲಗಬೇಡಿ. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗಬಹುದು.