ಲ್ಯಾಪ್‌ಟಾಪ್ ಪ್ರೊಸೆಸರೋ, ಸರ್ವರ್ ಪ್ರೊಸೆಸರೋ? ಖರೀದಿಗೆ ಮುನ್ನ ವರ್ತಕರು ಮಾಡಬೇಕಾದ ಲೆಕ್ಕಾಚಾರ

ತೂಕದ ಯಂತ್ರ, ಜನರೇಟರ್, ಸಾಗಾಟದ ವಾಹನ ಮೊದಲಾದವನ್ನು ಕೊಳ್ಳುವಾಗ ನಮ್ಮ ವರ್ತಕ ಬಂಧುಗಳು ನಾಲ್ಕು ಕಡೆ ವಿಚಾರಿಸುತ್ತಾರೆ. ಇಂಧನ ಎಷ್ಟು ಬೇಕು, ಬಿಡಿಭಾಗ ಎಲ್ಲಿ ಸಿಗುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುತ್ತಾರೆ. ಗಣಕಯಂತ್ರದ ಮಾತು ಬಂದಾಗ ಮಾತ್ರ ಮಾರಾಟಗಾರರು ಬರೆದುಕೊಟ್ಟ ದರಪಟ್ಟಿಯೇ ಅಂತಿಮವಾಗಿಬಿಡುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಗಣಕಯಂತ್ರವಿಲ್ಲದ ವ್ಯವಹಾರ ಅಪರೂಪ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೆ ಮೀರಿದ ವಹಿವಾಟು ಇರುವವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಬಿಲ್ಲು ಹೊರಡದಿದ್ದರೆ ಲಾರಿಯೂ ಹೊರಡದು. ಆದ್ದರಿಂದ ಯಂತ್ರದ ಆಯ್ಕೆ ಈಗ ವ್ಯಾಪಾರದ ನಿರ್ಧಾರವೇ ಆಗಿದೆ.

ಈ ಸಂದರ್ಭದಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದುಂಟು: ಸಾಮಾನ್ಯ ಲ್ಯಾಪ್‌ಟಾಪ್ ಸಾಕೇ, ಅಥವಾ ಸರ್ವರ್ ಪ್ರೊಸೆಸರ್ ಇರುವ ಯಂತ್ರ ಬೇಕೇ? ತಾಂತ್ರಿಕ ವಿವರಗಳನ್ನು ಅಗತ್ಯವಿದ್ದಷ್ಟೇ ತಿಳಿದುಕೊಂಡು, ಈ ಪ್ರಶ್ನೆಯನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಎರಡರ ಸ್ವಭಾವ

ಪ್ರೊಸೆಸರ್ ಎಂದರೆ ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಭಾಗ. ಅದರೊಳಗೆ ಪ್ರತ್ಯೇಕವಾಗಿ ಕೆಲಸ ಮಾಡಬಲ್ಲ ಘಟಕಗಳಿಗೆ ಕೋರ್ ಎನ್ನುತ್ತಾರೆ. ಲ್ಯಾಪ್‌ಟಾಪ್ ಪ್ರೊಸೆಸರನ್ನು ಬ್ಯಾಟರಿಯ ಮಿತಿಯನ್ನು ಗಮನದಲ್ಲಿಟ್ಟು ರೂಪಿಸಲಾಗುತ್ತದೆ. ಕಡಿಮೆ ವಿದ್ಯುತ್ ಬಳಸಬೇಕು, ಬೇಗ ಬಿಸಿಯಾಗಬಾರದು, ಒಬ್ಬರು ಕೇಳಿದ ಕೆಲಸವನ್ನು ತಟ್ಟನೆ ಮುಗಿಸಿ ವಿಶ್ರಮಿಸಬೇಕು. ಸರ್ವರ್ ಪ್ರೊಸೆಸರಿನ ಧರ್ಮ ಬೇರೆ. ಅನೇಕರು ಏಕಕಾಲಕ್ಕೆ ಕೇಳುವ ಕೆಲಸಗಳನ್ನು ಹಗಲಿರುಳು ನಡೆಸುವುದು ಅದರ ಹೊಣೆ. ಮೊದಲನೆಯದು ಗಲ್ಲೆಯ ಬಳಿ ಕುಳಿತ ಚುರುಕು ಗುಮಾಸ್ತನಂತೆ. ಎರಡನೆಯದು ದೊಡ್ಡ ಗೋದಾಮಿನ ಹಮಾಲರ ತಂಡದಂತೆ. ಒಂದೇ ಚೀಲ ಎತ್ತಲು ತಂಡ ಬೇಕಿಲ್ಲ. ನೂರು ಲಾರಿ ಇಳಿಸಲು ಗುಮಾಸ್ತನೊಬ್ಬನಿಂದ ಆಗುವುದಿಲ್ಲ.

ಸರ್ವರ್ ಪ್ರೊಸೆಸರ್ ನಮ್ಮ ನಾಡಿಗೆ ಅಪರಿಚಿತ ವಸ್ತುವೇನಲ್ಲ. ಇಂಟೆಲ್ ಸಂಸ್ಥೆ 1998ರಲ್ಲಿ ಆರಂಭಿಸಿದ ಜಿಯಾನ್ ಶ್ರೇಣಿಗೆ 2008ರ ಸೆಪ್ಟೆಂಬರ್‌ನಲ್ಲಿ ಸೇರಿದ 7400 ಸರಣಿಯ ಆರು ಕೋರ್‌ಗಳ ಪ್ರೊಸೆಸರ್ ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಅದರ ಉನ್ನತ ಮಾದರಿಯ ವೇಗ 2.66 ಗಿಗಾಹರ್ಟ್ಸ್, ವಿದ್ಯುತ್ ಮಿತಿ 130 ವ್ಯಾಟ್. ದೊಡ್ಡ ಬ್ಯಾಂಕು, ರೈಲ್ವೆ, ದೂರಸಂಪರ್ಕ ಸಂಸ್ಥೆಗಳ ಮಟ್ಟದ ಕೆಲಸಕ್ಕೆ ಯೋಗ್ಯವಾದ ಯಂತ್ರಗಳಿಗೆ ಅದು ಸಿದ್ಧವಾದದ್ದು.

2. ದೊಡ್ಡದು ಎಂದರೆ ವೇಗದ್ದು ಎಂದಲ್ಲ

ಬಹಳ ಮಂದಿ ಇಲ್ಲಿಯೇ ಎಡವುತ್ತಾರೆ. ಎರಡು ಮಾದರಿಗಳನ್ನು ಹೋಲಿಸೋಣ. 2023ರ ಆರಂಭದಲ್ಲಿ ಬಂದ ಇಂಟೆಲ್ ಕೋರ್ ಐ5-1335ಯು ಎಂಬ ಲ್ಯಾಪ್‌ಟಾಪ್ ಪ್ರೊಸೆಸರಿನಲ್ಲಿ 10 ಕೋರ್‌ಗಳಿವೆ; ಮೂಲ ವಿದ್ಯುತ್ ಮಿತಿ 15 ವ್ಯಾಟ್; ಗರಿಷ್ಠ ವೇಗ 4.6 ಗಿಗಾಹರ್ಟ್ಸ್. 2022ರ ನವೆಂಬರ್‌ನಲ್ಲಿ ಬಂದ ಎಎಂಡಿ ಸಂಸ್ಥೆಯ ಎಪಿಕ್ 9654 ಎಂಬ ಸರ್ವರ್ ಪ್ರೊಸೆಸರಿನಲ್ಲಿ 96 ಕೋರ್‌ಗಳಿವೆ. ವಿದ್ಯುತ್ ಮಿತಿ 360 ವ್ಯಾಟ್. ಗರಿಷ್ಠ ವೇಗ 3.7 ಗಿಗಾಹರ್ಟ್ಸ್ ಮಾತ್ರ.

ಅಂದರೆ ಒಬ್ಬ ಗುಮಾಸ್ತರು ಬಿಲ್ಲು ನಮೂದಿಸಿ ಮುದ್ರಿಸುವ ಕೆಲಸವನ್ನು ಆ ದುಬಾರಿ ಪ್ರೊಸೆಸರ್ ಹೆಚ್ಚು ಬೇಗ ಮಾಡಿಕೊಡುವುದಿಲ್ಲ. ಅದರ 96 ಕೋರ್‌ಗಳ ಪೈಕಿ ಬಹುಪಾಲು ಸುಮ್ಮನೆ ಕುಳಿತಿರುತ್ತವೆ. ಸಣ್ಣ ಕಚೇರಿಗಳಿಗೆ ಮಾರುವ ಆರಂಭಿಕ ದರ್ಜೆಯ ಸರ್ವರ್‌ಗಳಲ್ಲಿ ನಾಲ್ಕರಿಂದ ಎಂಟು ಕೋರ್‌ಗಳಷ್ಟೇ ಇರುವುದು ಸಾಮಾನ್ಯ. ಅವುಗಳ ಮೌಲ್ಯ ಇರುವುದು ವೇಗದಲ್ಲಿ ಅಲ್ಲ, ಮುಂದೆ ಹೇಳುವ ಗುಣಗಳಲ್ಲಿ.

ಹಳೆಯ ಜಿಯಾನ್ ಪ್ರೊಸೆಸರ್ ಜೋಡಿಸಿದ ಬಳಸಿದ ಯಂತ್ರಗಳು ಅಗ್ಗದ ದರಕ್ಕೆ ದೊರೆಯುವುದುಂಟು. ಕೋರ್‌ಗಳ ಸಂಖ್ಯೆ ನೋಡಿ ಮರುಳಾಗಬಾರದು. ತಯಾರಾದ ವರ್ಷ, ಖಾತರಿಯ ಅವಧಿ, ವಿದ್ಯುತ್ ಬಳಕೆ ಈ ಮೂರನ್ನೂ ಲಿಖಿತವಾಗಿ ಕೇಳಿ ಪಡೆಯತಕ್ಕದ್ದು.

3. ಸರ್ವರ್ ನಿಜವಾಗಿ ಕೊಡುವುದೇನು?

ಮೊದಲನೆಯದು, ಸ್ಮರಣೆಯ ತಪ್ಪನ್ನು ತಿದ್ದುವ ಶಕ್ತಿ. ಇದಕ್ಕೆ ಇಸಿಸಿ ಎಂಬ ಹೆಸರಿದೆ. ಗಣಕಯಂತ್ರ ಎಲ್ಲ ಅಂಕಿಗಳನ್ನೂ ಸೊನ್ನೆ ಮತ್ತು ಒಂದರ ಸಾಲಾಗಿ ಇಟ್ಟುಕೊಳ್ಳುತ್ತದೆ. ಅಂಥ ಒಂದು ಸ್ಥಾನವನ್ನು ಬಿಟ್ ಎನ್ನುತ್ತಾರೆ. ಸ್ಮರಣೆಯಲ್ಲಿರುವಾಗ ಅಪರೂಪಕ್ಕೊಮ್ಮೆ ಒಂದು ಬಿಟ್ ತಾನಾಗಿ ಬದಲಾಗುವುದುಂಟು. 5,000 ಎಂಬ ಪೂರ್ಣಾಂಕದಲ್ಲಿ 8,192ರ ಸ್ಥಾನದ ಸೊನ್ನೆ ಒಂದಾದರೆ ಅದು 13,192 ಆಗುತ್ತದೆ. ಇಸಿಸಿ ಇದ್ದಲ್ಲಿ ಒಂದು ಬಿಟ್‌ನ ತಪ್ಪು ಅಲ್ಲಿಯೇ ತಿದ್ದಲ್ಪಡುತ್ತದೆ; ಎರಡು ಬಿಟ್‌ಗಳ ತಪ್ಪು ಪತ್ತೆಯಾಗುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಈ ವ್ಯವಸ್ಥೆ ಇರುವುದಿಲ್ಲ. ದಿನಕ್ಕೆ ಕೆಲವು ಗಂಟೆ ನಡೆಯುವ ಯಂತ್ರದಲ್ಲಿ ಅಪಾಯ ಕಡಿಮೆ. ವರ್ಷವಿಡೀ ನಿಲ್ಲದೆ, ಹೆಚ್ಚು ಸ್ಮರಣೆಯೊಡನೆ ನಡೆಯುವ ಯಂತ್ರದಲ್ಲಿ ಹೆಚ್ಚು.

ಎರಡನೆಯದು, ಎಡೆಬಿಡದ ದುಡಿಮೆ. ಲ್ಯಾಪ್‌ಟಾಪಿನ ತೆಳುವಾದ ಕವಚದಲ್ಲಿ ಗಾಳಿಗೆ ಜಾಗ ಕಡಿಮೆ. ಬಿಸಿ ಏರಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಸರ್ವರ್ ಪೆಟ್ಟಿಗೆಯಲ್ಲಿ ದೊಡ್ಡ ಫ್ಯಾನುಗಳೂ ಅನೇಕ ಡಿಸ್ಕ್‌ಗಳಿಗೆ ಸ್ಥಳವೂ ಇರುತ್ತವೆ. ಒಂದು ಡಿಸ್ಕ್ ಕೆಟ್ಟರೂ ಇನ್ನೊಂದರಿಂದ ಕೆಲಸ ಮುಂದುವರಿಯುವಂತೆ ಜೋಡಿಸಬಹುದು.

ಮೂರನೆಯದು, ದುರಸ್ತಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಫಲಕಕ್ಕೆ ಬೆಸುಗೆ ಹಾಕಿರುತ್ತಾರೆ. ಅದು ಕೆಟ್ಟರೆ ಇಡೀ ಫಲಕವನ್ನೇ ಬದಲಿಸಬೇಕು. ಸರ್ವರಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್, ಸ್ಮರಣೆ, ಡಿಸ್ಕ್ ಎಲ್ಲವನ್ನೂ ಬೇರೆ ಬೇರೆಯಾಗಿ ಬದಲಿಸಬಹುದು.

4. ನಮ್ಮ ಕರಾವಳಿಯ ವಿಶೇಷ ಪರಿಸ್ಥಿತಿ

ಚೆಂಡಿಯಾ, ಅಮದಳ್ಳಿ, ಬಿಣಗಾದಿಂದ ಅಂಕೋಲೆಯವರೆಗಿನ ಪಟ್ಟಿಯಲ್ಲಿ ವ್ಯಾಪಾರ ಮಾಡುವವರು ಇನ್ನೂ ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದು, ವಿದ್ಯುತ್. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದು ಇಲ್ಲಿ ಹೊಸತಲ್ಲ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ. 45 ವ್ಯಾಟ್-ಗಂಟೆಯ ಬ್ಯಾಟರಿ 15 ವ್ಯಾಟ್ ಬಳಕೆಗೆ ಮೂರು ಗಂಟೆ ಸಾಕು. 120 ವ್ಯಾಟ್ ಬಳಸುವ ಸರ್ವರಿಗೆ ಅಷ್ಟೇ ಅವಧಿಯ ಆಸರೆ ಬೇಕಾದರೆ 360 ವ್ಯಾಟ್-ಗಂಟೆಗೂ ಹೆಚ್ಚಿನ ಸಾಮರ್ಥ್ಯದ ಯುಪಿಎಸ್ ಬೇಕು.

ಎರಡು, ಗಾಳಿ. ಸಮುದ್ರದ ಉಪ್ಪು ಬೆರೆತ ತೇವದ ಗಾಳಿ ಲೋಹದ ಸಂಪರ್ಕಗಳಿಗೆ ತುಕ್ಕು ತರುತ್ತದೆ. ಹಗಲಿರುಳು ಫ್ಯಾನು ತಿರುಗುವ ಯಂತ್ರ ಅಂಥ ಗಾಳಿಯನ್ನು ಹಗಲಿರುಳೂ ಒಳಗೆಳೆಯುತ್ತದೆ. ಸರ್ವರ್ ಕೊಳ್ಳುವವರು ಅದಕ್ಕೊಂದು ಮುಚ್ಚಿದ, ಒಣಗಿದ ಕೋಣೆಯ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಮೂರು, ರಸ್ತೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು. ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ಅನೇಕ ದಿನ ನಿಂತಿತು. ಮರುತಿಂಗಳ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ದುರಸ್ತಿಗೆ ಬಿಡಿಭಾಗ ಬರುವುದು ಮಂಗಳೂರು, ಗೋವಾ ಅಥವಾ ಹುಬ್ಬಳ್ಳಿಯಿಂದಾದರೆ, ಮರುದಿನವೇ ಸೇವೆ ಎಂಬ ಖಾತರಿಯ ಮಾತು ಮಳೆಗಾಲದಲ್ಲಿ ಎಷ್ಟು ನಡೆಯುತ್ತದೆ ಎಂದು ಮೊದಲೇ ಕೇಳಿಕೊಳ್ಳುವುದು ಒಳಿತು. ಲ್ಯಾಪ್‌ಟಾಪ್ ಕೆಟ್ಟರೆ ಪೇಟೆಯಲ್ಲಿ ಇನ್ನೊಂದನ್ನು ತಂದು ಪ್ರತಿಯಿಂದ ಲೆಕ್ಕ ಮರಳಿಸಬಹುದು. ಸರ್ವರಿನ ಬಿಡಿಭಾಗ ಹಾಗೆ ಎಲ್ಲ ಅಂಗಡಿಗಳಲ್ಲಿ ಸಿಗುವಂಥದಲ್ಲ.

5. ಆರು ವರ್ಷಗಳ ಲೆಕ್ಕ

ಕೆಳಗಿನ ದರಗಳು ಉದಾಹರಣೆಗಾಗಿ ಹಿಡಿದವು. ಓದುಗರು ತಮ್ಮ ದರಗಳನ್ನು ಹಾಕಿಕೊಂಡು ನೋಡಬೇಕು. ವಿದ್ಯುತ್ತಿಗೆ ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಳ್ಳೋಣ.

ಲ್ಯಾಪ್‌ಟಾಪ್: ಬೆಲೆ 50,000 ರೂ. ಮೂರು ವರ್ಷಕ್ಕೊಮ್ಮೆ ಬದಲಿಸಿದರೆ ಆರು ವರ್ಷಕ್ಕೆ 1,00,000 ರೂ. 20 ವ್ಯಾಟ್‌ನಂತೆ ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ನಡೆದರೆ 60 ಯೂನಿಟ್. ಆರು ವರ್ಷಕ್ಕೆ 2,880 ರೂ. ಪ್ರತಿ ಇಡಲು ಹೊರಡಿಸ್ಕ್‌ಗಳಿಗೆ 12,000 ರೂ. ಒಟ್ಟು 1,14,880 ರೂ.

ಆರಂಭಿಕ ದರ್ಜೆಯ ಸರ್ವರ್: ಯುಪಿಎಸ್ ಮತ್ತು ತಂತ್ರಾಂಶ ಸೇರಿ 1,80,000 ರೂ. 120 ವ್ಯಾಟ್‌ನಂತೆ ವರ್ಷವಿಡೀ ನಡೆದರೆ ಸುಮಾರು 1,051 ಯೂನಿಟ್. ವರ್ಷಕ್ಕೆ 8,410 ರೂ., ಆರು ವರ್ಷಕ್ಕೆ 50,460 ರೂ. ಬ್ಯಾಟರಿ ಎರಡು ಬಾರಿ ಬದಲಿಸಲು 12,000 ರೂ., ಹೊರಡಿಸ್ಕ್‌ಗಳಿಗೆ 12,000 ರೂ. ಒಟ್ಟು 2,54,460 ರೂ.

ವ್ಯತ್ಯಾಸ 1,39,580 ರೂ.; ವರ್ಷಕ್ಕೆ ಸುಮಾರು 23,260 ರೂ. ಈ ಮೊತ್ತಕ್ಕೆ ಸರಿಯಾದ ನಷ್ಟವನ್ನು ಸರ್ವರ್ ಪ್ರತಿವರ್ಷ ತಪ್ಪಿಸುತ್ತದೆಯೇ ಎಂಬುದೇ ಪ್ರಶ್ನೆ.

ಚೆಂಡಿಯಾದ ಹೆದ್ದಾರಿ ಬದಿಯಲ್ಲಿ ಇಬ್ಬರು ದುಡಿಯುವ ಒಂದು ಕಟ್ಟಡ ಸಾಮಗ್ರಿಯ ಅಂಗಡಿಯನ್ನು ಊಹಿಸಿ. ದಿನದ ಸಂಬಳ 1,400 ರೂ.; ದಿನದ ಮಾರಾಟ 15,000 ರೂ., ಅದರಲ್ಲಿ ಶೇ. 8ರ ಲಾಭ 1,200 ರೂ. ಯಂತ್ರ ಒಂದು ದಿನ ನಿಂತು ವ್ಯಾಪಾರವೇ ನಿಂತರೂ ನಷ್ಟ 2,600 ರೂ. ವರ್ಷಕ್ಕೆ ಒಂಬತ್ತು ದಿನ ನಿಲ್ಲುವಂತಿದ್ದರೆ ಮಾತ್ರ ಸರ್ವರಿನ ಖರ್ಚು ಸರಿದೂಗುತ್ತದೆ. ಇವರಿಗೆ ಲ್ಯಾಪ್‌ಟಾಪೇ ಯೋಗ್ಯ.

ಇನ್ನು ಕಾರವಾರದಲ್ಲಿ ಕಚೇರಿ, ಅಂಕೋಲೆಯಲ್ಲಿ ಗೋದಾಮು ಇದ್ದು, ಹತ್ತು ಮಂದಿ ಒಂದೇ ದಾಸ್ತಾನು ಪುಸ್ತಕಕ್ಕೆ ನಮೂದು ಮಾಡುವ ಸಗಟು ವ್ಯಾಪಾರವನ್ನು ಊಹಿಸಿ. ದಿನದ ಸಂಬಳ 7,000 ರೂ.; 1,50,000 ರೂ. ಮಾರಾಟದ ಮೇಲೆ ಲಾಭ 12,000 ರೂ. ಒಂದು ದಿನ ನಿಂತರೆ 19,000 ರೂ. ನಷ್ಟ. ವರ್ಷಕ್ಕೆ ಒಂದೂಕಾಲು ದಿನದ ನಿಲುಗಡೆ ತಪ್ಪಿದರೂ ಸರ್ವರ್ ತನ್ನ ಬೆಲೆಯನ್ನು ತೀರಿಸುತ್ತದೆ.

6. ತಂತ್ರಾಂಶದ ಪರವಾನಗಿ

ಒಬ್ಬರೇ ಬಳಸುವ ತಂತ್ರಾಂಶಕ್ಕೆ ಸರ್ವರ್ ಕೊಳ್ಳುವುದು ವ್ಯರ್ಥ. ಉದಾಹರಣೆಗೆ ಟ್ಯಾಲಿಯ ಸಿಲ್ವರ್ ಪರವಾನಗಿ ಒಬ್ಬ ಬಳಕೆದಾರರಿಗೆ. ಗೋಲ್ಡ್ ಪರವಾನಗಿ ಒಂದೇ ಸ್ಥಳೀಯ ಜಾಲದಲ್ಲಿರುವ ಅನೇಕರಿಗೆ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಆವೃತ್ತಿಗೆ ಕೋರ್‌ಗಳ ಲೆಕ್ಕದಲ್ಲಿ ಪರವಾನಗಿ ಕೊಳ್ಳಬೇಕು. ಯಂತ್ರದಲ್ಲಿ ಎಂಟೇ ಕೋರ್ ಇದ್ದರೂ ಕನಿಷ್ಠ 16 ಕೋರ್‌ಗಳ ಹಣ ತೆರಬೇಕು, ಬಳಕೆದಾರರ ಪರವಾನಗಿ ಬೇರೆ. ದರಪಟ್ಟಿಯಲ್ಲಿ ಈ ಸಾಲುಗಳು ಇವೆಯೇ ಎಂದು ನೋಡಿಕೊಳ್ಳಿ. ನಾಲ್ಕೈದು ಯಂತ್ರಗಳಷ್ಟೇ ಇರುವಲ್ಲಿ, ವಿಂಡೋಸ್ ಪ್ರೊ ಇರುವ ಒಂದು ಒಳ್ಳೆಯ ಡೆಸ್ಕ್‌ಟಾಪಿನಲ್ಲಿ ಕಡತಗಳನ್ನಿಟ್ಟು ಹಂಚಿಕೊಳ್ಳುವುದು ಮಧ್ಯಮ ಮಾರ್ಗ.

7. ಸವಕಳಿ ಮತ್ತು ತೆರಿಗೆ

1962ರ ಆದಾಯ ತೆರಿಗೆ ನಿಯಮಾವಳಿಯಲ್ಲಿ ಲ್ಯಾಪ್‌ಟಾಪಿಗೂ ಸರ್ವರಿಗೂ ಕಂಪ್ಯೂಟರ್ ಎಂಬ ಒಂದೇ ವರ್ಗದಡಿ ಶೇ. 40ರ ಸವಕಳಿ ಇತ್ತು. ಖರೀದಿಯ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಆಯಾ ವರ್ಷದ ನಿಯಮವನ್ನು ತಮ್ಮ ಲೆಕ್ಕ ಪರಿಶೋಧಕರಲ್ಲಿ ತಾಳೆ ನೋಡಿಕೊಳ್ಳತಕ್ಕದ್ದು. ಆದರೆ 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿ ಇವೆರಡನ್ನು ಬೇರ್ಪಡಿಸುತ್ತದೆ: ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳ ಆಯುಸ್ಸು 3 ವರ್ಷ, ಸರ್ವರ್ ಮತ್ತು ಜಾಲಗಳದ್ದು 6 ವರ್ಷ. ವ್ಯವಹಾರಕ್ಕಾಗಿ ಕೊಂಡ ಯಂತ್ರದ ಜಿಎಸ್‌ಟಿಗೆ ಅರ್ಹರು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಆದರೆ ಅದೇ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಪಡೆಯುವಂತಿಲ್ಲ.

8. ಯಂತ್ರಕ್ಕಿಂತ ಲೆಕ್ಕದ ಆಯುಸ್ಸು ದೊಡ್ಡದು

ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣ ಪತ್ರ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾದಿಡಬೇಕು. ಕಂಪನಿಗಳಿಗೆ ಈ ಅವಧಿ 8 ಆರ್ಥಿಕ ವರ್ಷ. ಮೂರು ವರ್ಷ ಬಾಳುವ ಲ್ಯಾಪ್‌ಟಾಪಾಗಲಿ, ಆರು ವರ್ಷ ಬಾಳುವ ಸರ್ವರಾಗಲಿ ಈ ಅವಧಿಯನ್ನು ದಾಟಿಸಿಕೊಡುವ ಭರವಸೆ ಇಲ್ಲ. ಯಾವ ಪ್ರೊಸೆಸರ್ ಕೊಂಡರೂ ಲೆಕ್ಕದ ಪ್ರತಿಗಳನ್ನು ಪ್ರತ್ಯೇಕವಾಗಿ ಕಾಪಾಡಲೇಬೇಕು. ದಿನವೂ ಒಂದು ಪ್ರತಿ ಹೊರಡಿಸ್ಕಿಗೆ, ವಾರಕ್ಕೊಂದು ಪ್ರತಿ ಅಂಗಡಿಯ ಹೊರಗಿನ ಇನ್ನೊಂದು ಸ್ಥಳಕ್ಕೆ, ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು ನೋಡುವುದು: ಇಷ್ಟು ಸಾಕು.

ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದೊಳಗಿನ ಸರ್ವರಿನಲ್ಲಿ ದಿನವೂ ಇಡಬೇಕೆಂದು 2022ರಲ್ಲಿ ತಿದ್ದುಪಡಿಯಾದ ನಿಯಮ ಹೇಳುತ್ತದೆ. ಇದರರ್ಥ ಪ್ರತಿಯೊಂದು ಕಂಪನಿಯೂ ಸರ್ವರ್ ಕೊಳ್ಳಬೇಕೆಂದಲ್ಲ. ಭಾರತದಲ್ಲಿರುವ ಸರ್ವರಿನಲ್ಲಿ ಬಾಡಿಗೆಯ ಸ್ಥಳ ಪಡೆದರೂ ನಡೆಯುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಕಡ್ಡಾಯವಾದ ಬದಲಾವಣೆಗಳ ದಾಖಲೆಯೂ ತಂತ್ರಾಂಶಕ್ಕೆ ಸೇರಿದ ವಿಷಯ, ಪ್ರೊಸೆಸರಿಗಲ್ಲ.

ಒಟ್ಟಿನಲ್ಲಿ

ದರಪಟ್ಟಿ ತರಿಸುವ ಮೊದಲು ಒಂದು ಹಾಳೆಯ ಮೇಲೆ ನಾಲ್ಕು ಉತ್ತರಗಳನ್ನು ಬರೆದುಕೊಳ್ಳಿ. ಒಂದೇ ಲೆಕ್ಕದಲ್ಲಿ ಏಕಕಾಲಕ್ಕೆ ಎಷ್ಟು ಮಂದಿ ನಮೂದು ಮಾಡುತ್ತಾರೆ? ಯಂತ್ರ ದಿನಕ್ಕೆ ಎಷ್ಟು ಗಂಟೆ ನಡೆಯಬೇಕು? ಒಂದು ದಿನ ನಿಂತರೆ ಎಷ್ಟು ರೂಪಾಯಿ ನಷ್ಟ? ಕೆಟ್ಟಾಗ ಮಳೆಗಾಲದಲ್ಲಿ ಯಾರು, ಎಷ್ಟು ದಿನದಲ್ಲಿ ಬಂದು ಸರಿಪಡಿಸುತ್ತಾರೆ? ಒಬ್ಬರು ಇಬ್ಬರು ದುಡಿಯುವಲ್ಲಿ ಲ್ಯಾಪ್‌ಟಾಪ್, ನಾಲ್ಕೈದು ಮಂದಿ ಇರುವಲ್ಲಿ ಒಳ್ಳೆಯ ಡೆಸ್ಕ್‌ಟಾಪ್, ಹತ್ತರ ಆಸುಪಾಸಿನವರು ದಿನವಿಡೀ ಒಂದೇ ಪುಸ್ತಕವನ್ನು ಅವಲಂಬಿಸಿರುವಲ್ಲಿ ಇಸಿಸಿ ಸ್ಮರಣೆಯ ಸಣ್ಣ ಸರ್ವರ್ ಎಂಬುದು ಸ್ಥೂಲ ನಿಯಮ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ, ಉಳಿದ ಹಣದಲ್ಲಿ ಮೊದಲು ಎರಡು ಹೊರಡಿಸ್ಕ್‌ಗಳನ್ನು ಕೊಳ್ಳುವಂತೆ ವರ್ತಕ ಬಂಧುಗಳಲ್ಲಿ ವಿನಂತಿ.